‘ಹುಡುಗ ಮಿತಭಾಷಿ’ ಅಂದರೆ ಹೊಗಳಿಕೆಯೋ, ಎಚ್ಚರಿಕೆಯೋ?

ಪ್ರಶ್ನೆ: ಮಗಳಿಗೆ ಬಂದ ಒಂದು ಸಂಬಂಧದವರು ‘ಹುಡುಗ ಮಿತಭಾಷಿ’ ಅಂತ ಬರೆದು ಕಳಿಸಿದ್ದಾರೆ. ಮಾತೇ ಆಡೋದಿಲ್ಲ ಅಂತಲೇ ಇದರ ಅರ್ಥ? (ಶಿರಸಿಯ ಓದುಗರೊಬ್ಬರು)

ಗಾಬರಿ ಬೇಡ, ಹೊಗಳಿಕೆ ಅಂತಲೇ ಬರೆದಿರುತ್ತಾರೆ. ಸಂಸ್ಕೃತದಲ್ಲಿ ‘ಮಾ’ ಅಂದರೆ ಅಳೆ. ಮಿತ, ಮಿತಿ, ಪರಿಮಾಣ ಎಲ್ಲ ಅದರಿಂದಲೇ ಬಂದವು. ಹಾಗಾಗಿ ಮಿತಭಾಷಿ ಮಾತು ಬಿಟ್ಟವನಲ್ಲ, ಅಳೆದು ಆಡುವವನು. ಬಾಯಿ ಬಿಡದೆ ಮುಗುಮ್ಮಾಗಿ ಕೂತವನನ್ನು ‘ಬಾಯಲ್ಲೇನು ಕಡುಬು ಇದೆಯಾ’ ಅಂತ ಕೇಳುತ್ತೇವಲ್ಲ, ಅವನ ಕಥೆ ಬೇರೆ.

ನಿಮ್ಮ ಊರಲ್ಲಿ ಮಿತಭಾಷಿಗಳಿಗೇನು ಬರವೇ? ಅಡಿಕೆ ಮಾರಲು ಬಂದವರು ಚಾ ಕುಡಿಯುವ ಹೋಟೆಲಿನಲ್ಲಿ ಸುಮ್ನೆ ಕೂತು ಕೇಳಿ.

‘ಬೆಳೆ ಹ್ಯಾಂಗಿದ್ದು?’

‘ಅಡ್ಡಿಲ್ಲೆ.’

‘ಚಾಲಿ ಅಡಿಕೆ ದರ?’

‘ಅಡ್ಡಿಲ್ಲೆ.’

‘ಇನ್ನೊಂದು ಚಾ?’

‘ಅಡ್ಡಿಲ್ಲೆ.’

ಹವ್ಯಕರ ಈ ಒಂದೇ ಪದದಲ್ಲಿ ಚೆನ್ನಾಗಿದೆ, ಪರವಾಗಿಲ್ಲ, ಆಗಲಿ ಮೂರೂ ಅಡಗಿವೆ. ಯಾವುದು ಅಂತ ದನಿ ಎಳೆದ ರೀತಿಯಿಂದಲೇ ತಿಳಿಯಬೇಕು. ಇದೇ ಮನುಷ್ಯ ರಾತ್ರಿ ತಾಳಮದ್ದಳೆಯಲ್ಲಿ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಕೃಷ್ಣನ ಅರ್ಥ ಹೇಳಲು ಕೂತರೆ ಕೌರವನಿಗೆ ಉಸಿರಾಡಲೂ ಬಿಡದಿರಬಹುದು. ಆದರೂ ಅವರು ಮಿತಭಾಷಿಯೇ. ಎಲ್ಲಿ ಎಷ್ಟು ಆಡಬೇಕು ಅನ್ನುವ ಅಳತೆ ಗೊತ್ತಿದೆ, ಅಷ್ಟೆ.

ಚುಟುಕಾಗಿ ಮಾತಾಡುವವರಿಗೆ ಇಂಗ್ಲಿಷಿನಲ್ಲಿ ಹೇಳುವ ‘ಲಕೋನಿಕ್’ಗೂ ಇದೇ ಪದವಾ ಅಂತ ಕೇಳುವವರಿದ್ದಾರೆ. ಹತ್ತಿರದ್ದು, ಆದರೆ ಅದೇ ಅಲ್ಲ. ಆ ಪದದ ಮೂಲ ಲಕೋನಿಯಾ; ಅದು ಗ್ರೀಸಿನ ದಕ್ಷಿಣದ ಸೀಮೆ, ಸ್ಪಾರ್ಟಾ ಇದ್ದದ್ದು ಅಲ್ಲೇ. ‘ನಾನು ನಿಮ್ಮ ಸೀಮೆಗೆ ಬಂದರೆ ನಿಮ್ಮನ್ನು ಉಳಿಸೋದಿಲ್ಲ’ ಅಂತ ಮ್ಯಾಸಿಡೋನಿಯಾದ ರಾಜ ಫಿಲಿಪ್ ಬೆದರಿಸಿದನಂತೆ. ಸ್ಪಾರ್ಟಾದವರು ಕೊಟ್ಟ ಉತ್ತರ ಒಂದೇ ಪದ: ‘ಬಂದರೆ.’ ಲಕೋನಿಕ್ ಅನ್ನುವ ಪದಕ್ಕೆ ಈ ಖಾರ ಇನ್ನೂ ಸ್ವಲ್ಪ ಅಂಟಿಕೊಂಡಿದೆ. ನಮ್ಮ ಮಿತಭಾಷಿ ಪಾಪ, ಸಾಧು.

ಬಳಸುವಾಗ ಒಂದು ಗಮನಿಸಿ. ಮಿತಭಾಷಿ ಅನ್ನೋದು ಆಡುವವರಿಗೆ, ಆಡಿದ ಮಾತಿಗಲ್ಲ. ‘ಮಿತಭಾಷಿ ಉತ್ತರ’ ಅಂದರೆ ಕಿವಿಗೆ ಚುಚ್ಚುತ್ತದೆ. ‘ಚುಟುಕು ಉತ್ತರ’ ಅನ್ನಿ. ಗಂಡಸು, ಹೆಂಗಸು ಇಬ್ಬರಿಗೂ ಮಿತಭಾಷಿ ಸಾಕು, ‘ಮಿತಭಾಷಿಣಿ’ ಅಂತ ಎಳೆಯುವುದು ಬೇಕಿಲ್ಲ. ಇದರ ಎದುರಿನ ಪದ ವಾಚಾಳಿ. ಅದು ಬೈಗುಳಕ್ಕೇ ಹತ್ತಿರ. ಜಾಸ್ತಿ ಮಾತಾಡಿದರೂ ಚೆನ್ನಾಗಿ ಮಾತಾಡುವವರನ್ನು ಮಾತುಗಾರರು ಅನ್ನಿ, ಯಾರಿಗೂ ಬೇಜಾರಾಗೋದಿಲ್ಲ.