ಎನ್‌ಆರ್‌ಆರ್: ಇಯರ್‌ಪ್ಲಗ್ ಪೊಟ್ಟಣದ ಮೇಲಿನ ಆ 33 ಅಂದ್ರೆ ಎಷ್ಟು?

ಇಯರ್‌ಪ್ಲಗ್ ಪೊಟ್ಟಣ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಒಂದು ಚೌಕ ಇರುತ್ತದೆ. ಅದರೊಳಗೆ ದಪ್ಪಕ್ಷರದಲ್ಲಿ ಎನ್‌ಆರ್‌ಆರ್ ಅಂತ ಬರೆದು, ಪಕ್ಕದಲ್ಲಿ 25, 29, 33 ಹೀಗೊಂದು ಸಂಖ್ಯೆ ಹಾಕಿರುತ್ತಾರೆ. ನಾಯ್ಸ್ ರಿಡಕ್ಷನ್ ರೇಟಿಂಗ್ ಎಂಬುದರ ಮೊದಲಕ್ಷರಗಳು ಇವು. ಹೊರಗಿನ ಸದ್ದು ಕಿವಿಗೆ ಮುಟ್ಟುವಾಗ ಎಷ್ಟು ಡೆಸಿಬೆಲ್ ಇಳಿದಿರುತ್ತದೆ ಎಂದು ಹೇಳುವ ಅಂಕಿ. ಕಿವಿಗೆ ಮುಚ್ಚಳದ ಹಾಗೆ ಹಾಕುವ ಇಯರ್‌ಮಫ್ ಮೇಲೂ ಇದೇ ಇರುತ್ತದೆ.

ಬದಿಯಡ್ಕ ಕಡೆಯ ಒಬ್ಬ ಹುಡುಗ ಹವ್ಯಾಸಕ್ಕೆ ಶೂಟಿಂಗ್ ಕಲಿಯುತ್ತಿದ್ದಾನೆ. ಪೊಟ್ಟಣ ಹಿಡಿದುಕೊಂಡು ಬಂದು ಕೇಳಿದ: "ಭಾವ, 33 ಅಂದ್ರೆ ನೂರಕ್ಕೆ 33 ಅಂತವಾ? ಹಾಗಾದ್ರೆ ಉಳಿದ 67 ಕಿವಿಯೊಳಗೆ ಹೋಗ್ತದಲ್ಲ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಇದು ನೂರಕ್ಕೆ ಇಷ್ಟು ಎಂಬ ಲೆಕ್ಕ ಅಲ್ಲ. ಡೆಸಿಬೆಲ್ ಮೇಲ್ನೋಟಕ್ಕೆ ಕೂಡಿಸಿ ಕಳೆಯುವ ಸಂಖ್ಯೆಯ ಹಾಗೆ ಕಾಣುತ್ತದೆ, ಒಳಗೆ ಮಾತ್ರ ಗುಣಾಕಾರ ನಡೆಯುತ್ತಿರುತ್ತದೆ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು. 20 ಏರಿದರೆ 100 ಪಟ್ಟು. ಬರೇ 3 ಏರಿದರೂ ದುಪ್ಪಟ್ಟು. ಹಾಗೆ ನೋಡಿದರೆ 33 ಡೆಸಿಬೆಲ್ ಇಳಿಯುವುದೆಂದರೆ ಸದ್ದಿನ ಶಕ್ತಿ ಸುಮಾರು 2000ದಲ್ಲಿ ಒಂದು ಪಾಲಿಗೆ ಬಂದ ಹಾಗಾಯಿತು. ಹುಡುಗ ಅಂದುಕೊಂಡದ್ದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಇದು ಪೊಟ್ಟಣದ ಮೇಲಿನ ಲೆಕ್ಕ. ಕಿವಿಯೊಳಗಿನ ಲೆಕ್ಕ ಬೇರೆ.

ಅದಕ್ಕೆ ಮೊದಲು ಕೋವಿಯ ಸದ್ದು ಎಷ್ಟು ಅಂತ ನೋಡಬೇಕು. ಇಲ್ಲಿ ಹೆಚ್ಚಿನವರು ಶುರು ಮಾಡುವುದು 10 ಮೀಟರ್ ಏರ್ ರೈಫಲ್‌ನಿಂದ. ಅದರ ಸದ್ದು ಬಾರೂದಿನ ಕೋವಿಗೆ ಹೋಲಿಸಿದರೆ ಏನೂ ಅಲ್ಲ. ಕಿವಿಗೆ ಏನೂ ಹಾಕದ ಅಭ್ಯಾಸ ಆಗುವುದು ಅಲ್ಲೇ. ಆಮೇಲೆ .22 ರೈಫಲ್ ಹಿಡಿದಾಗ ಸದ್ದಿನ ತುದಿ 140 ಡೆಸಿಬೆಲ್‌ನ ಆಸುಪಾಸಿಗೆ ಹೋಗುತ್ತದೆ. 12 ಬೋರಿನ ತೋಟಾಕೋವಿ 150 ದಾಟುತ್ತದೆ. ದೊಡ್ಡ ಗುಂಡಿನ ಪಿಸ್ತೂಲು 160ರ ಹತ್ತಿರ. ರಕ್ಷಣೆ ಇಲ್ಲದ ಕಿವಿಗೆ ಒಂದು ಕ್ಷಣಕ್ಕೂ ಇದಕ್ಕಿಂತ ಮೇಲೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗೆರೆ ದೊಡ್ಡವರಿಗೆ 140, ಮಕ್ಕಳಿಗೆ 120.

ಕುಂಬಳೆ ಜಾತ್ರೆಯ ಬೆಡಿ, ಅಂದ್ರೆ ಸಿಡಿಮದ್ದು, ನೋಡಿದವರಿಗೆ ಎದೆಗೆ ಬಡಿಯುವ ಸದ್ದು ಎಂತದ್ದು ಅಂತ ಹೇಳಿಕೊಡಬೇಕಾಗಿಲ್ಲ. ಕದಿನ, ಗರ್ನಾಲು ಕೇಳಿಯೇ ಬೆಳೆದ ಊರು ನಮ್ಮದು. "ಇಷ್ಟು ವರ್ಷ ಕೇಳಿದ್ದೇವೆ, ಎಂತ ಆಗಿದೆ?" ಅನ್ನುವವರು ಮನೆಗೊಬ್ಬರಾದರೂ ಸಿಗುತ್ತಾರೆ. ಅವರಿಗೆ ಒಂದೇ ಮಾತು: ದೂರ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಮ್ಮ ದೇಶದ ನಿಯಮದಲ್ಲಿ ಪಟಾಕಿಯ ಸದ್ದಿನ ತುದಿ 145 ಡೆಸಿಬೆಲ್ ದಾಟಬಾರದು ಅಂತಿದೆ, ಅದನ್ನೂ ಅಳೆಯುವುದು ಸಿಡಿದ ಜಾಗದಿಂದ 4 ಮೀಟರ್ ಆಚೆ. ಕೋವಿಯ ನಳಿಗೆಯ ಬಾಯಿ ಇರುವುದು ನಮ್ಮ ಕಿವಿಯಿಂದ ಒಂದು ಮಾರು ದೂರದಲ್ಲಿ, ಅಷ್ಟೂ ಇಲ್ಲ. ರೇಂಜಿನಲ್ಲಿ ತಲೆ ಮೇಲೆ ಶೀಟು, ಪಕ್ಕಕ್ಕೆ ಗೋಡೆ ಇದ್ದರೆ ಸದ್ದು ಅಲ್ಲಿಂದಲೂ ತಿರುಗಿ ಬರುತ್ತದೆ. ಪಕ್ಕದ ಲೇನಿನವನ ಈಡು ಬೇರೆ.

ಯಂತ್ರದ ಸದ್ದಿಗೂ ಗುಂಡಿನ ಸದ್ದಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಳೆ ಕೊಚ್ಚುವ ಮೆಷಿನ್ ಗಂಟೆಗಟ್ಟಲೆ ಕಿರುಚಿ ಕಿವಿಯನ್ನು ನಿಧಾನಕ್ಕೆ ದಣಿಸುತ್ತದೆ. ಜೋರು ಸದ್ದು ಬಂದಾಗ ನಡುಗಿವಿಯ ಸಣ್ಣ ಸ್ನಾಯುಗಳು ಬಿಗಿದುಕೊಂಡು ಒಳಗೆ ಹೋಗುವುದನ್ನು ಸ್ವಲ್ಪ ತಡೆಯುತ್ತವೆ. ಆದರೆ ಹಾಗೆ ಬಿಗಿದುಕೊಳ್ಳಲು ಹತ್ತಾರು ಮಿಲಿಸೆಕೆಂಡ್ ಬೇಕು. ಗುಂಡಿನ ಹೊಡೆತ ಕೆಲವೇ ಮಿಲಿಸೆಕೆಂಡ್‌ನಲ್ಲಿ ಮುಗಿದಿರುತ್ತದೆ. ಸ್ನಾಯು ಎಚ್ಚರ ಆಗುವಷ್ಟರಲ್ಲಿ ಸದ್ದು ಒಳಕಿವಿ ತಲುಪಿ ಆಗಿದೆ. ಅಲ್ಲಿ ಶಂಖದ ಆಕಾರದ ಕಾಕ್ಲಿಯಾ ಇದೆ. ಪ್ರತಿ ಕಿವಿಯಲ್ಲಿ ಹದಿನೈದು ಸಾವಿರದಷ್ಟು ರೋಮಕೋಶಗಳು. ಕೇಳಿಸುವ ಕೆಲಸ ಇವುಗಳದ್ದೇ. ಮನುಷ್ಯರಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಹೋಗುವುದೂ ಒಂದು ಕ್ರಮದಲ್ಲಿ. ಕಿವಿ ಪರೀಕ್ಷೆಯ ಗ್ರಾಫಿನಲ್ಲಿ 4000 ಹರ್ಟ್ಸ್‌ನ ಹತ್ತಿರ, ಅಂದ್ರೆ ಕೀರಲು ದನಿಯ ಕಡೆ, ಒಂದು ಗುಂಡಿ ಬೀಳುತ್ತದೆ. ದಪ್ಪ ದನಿ ಸರಿಯಾಗಿಯೇ ಕೇಳುತ್ತದೆ, ಹಾಗಾಗಿ ಕಿವಿಗೆ ಏನೂ ಆಗಿಲ್ಲ ಅಂತಲೇ ಅನ್ನಿಸುತ್ತದೆ. ಹೆಂಡತಿ ಒಳಗಿಂದ "ಹಾಸು" ಅಂದದ್ದು "ಹಾಕು" ಅಂತ ಕೇಳುತ್ತದೆ. ಸ, ಶ, ಚ, ಕ, ತ ಇಂಥ ಸಣ್ಣ ಸದ್ದಿನ ಅಕ್ಷರಗಳು ಕಲಸಿಹೋಗುತ್ತವೆ. ಮದುವೆಮನೆಯ ಗಲಾಟೆಯಲ್ಲಂತೂ ಎದುರಿಗಿದ್ದವರ ಮಾತು ಹತ್ತದು. ಕೆಲವರಿಗೆ ಇದರ ಜೊತೆಗೆ ಕಿವಿಯಲ್ಲಿ ಸದಾ ಕುಂಯ್ ಎಂಬ ಸದ್ದು. ಹೊರಗೆ ಜೀರುಂಡೆ ಕೂಗುತ್ತಿದೆಯೋ, ತಲೆಯೊಳಗೆ ಕೂಗುತ್ತಿದೆಯೋ ಅಂತ ಗೊತ್ತಾಗದ ಹಾಗೆ. ಇದಕ್ಕೆ ಟಿನ್ನಿಟಸ್ ಅನ್ನುತ್ತಾರೆ.

ಬಲಗೈಯವರು ರೈಫಲ್ ಹೊಡೆಯುವಾಗ ಎಡಗಿವಿ ನಳಿಗೆಯ ಬಾಯಿಗೆ ಎದುರಾಗಿರುತ್ತದೆ, ಬಲಗಿವಿಗೆ ತಲೆಯೇ ಅಡ್ಡ. ಎಡಗಿವಿ ಮೊದಲು ಮಂದವಾಗುವುದು ಹೀಗೆ. ನಮ್ಮ ಕಡೆ ತೋಟಕ್ಕೆ ಬರುವ ಹಂದಿಗೆ ಕೋವಿ ಹಿಡಿದು ಹಳಬರಾದವರು ಫೋನನ್ನು ಯಾವ ಕಿವಿಗೆ ಇಡುತ್ತಾರೆ ಅಂತ ಒಮ್ಮೆ ಗಮನಿಸಿ ನೋಡಿ.

ಈಗ ಆ 33ಕ್ಕೆ ಬರೋಣ. ಈ ಲೇಬಲ್ ಅಮೆರಿಕದ್ದು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1979ರಲ್ಲಿ ಇದನ್ನು ಕಡ್ಡಾಯ ಮಾಡಿತು. ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. 10 ಮಂದಿಯನ್ನು ಕೂರಿಸಿ, ಪ್ಲಗ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ, ಎಷ್ಟು ಸಣ್ಣ ಸದ್ದು ಕೇಳುತ್ತದೆ ಅಂತ ಅಳೆಯುತ್ತಾರೆ. ಪ್ರತಿಯೊಬ್ಬರಿಗೂ 3 ಸಲ. ಸರಾಸರಿಯಿಂದ ಸ್ವಲ್ಪ ಕಳೆದೇ ಅಂಕಿ ಬರೆಯುತ್ತಾರೆ, ಅದು ನಿಜ. ಆದರೆ ಅಲ್ಲಿ ಪ್ಲಗ್ ಹಾಕಿಸುವುದು ಪರೀಕ್ಷೆ ಮಾಡುವ ಪಳಗಿದ ಕೈ. ಬಿಸಿಲಲ್ಲಿ ಬೆವರಿಕೊಂಡು, "ಬೇಗ ಮಾರಾಯ, ನಿನ್ನ ಸರದಿ" ಅಂತ ಕರೆಯುವಾಗ ಗಡಿಬಿಡಿಯಲ್ಲಿ ತುರುಕಿಕೊಳ್ಳುವ ನಮ್ಮ ಕೈ ಅಲ್ಲ.

ಅದಕ್ಕೇ ಅಮೆರಿಕದ ಕಾರ್ಮಿಕ ಸುರಕ್ಷತೆಯವರು ಪೊಟ್ಟಣದ ಅಂಕಿಯನ್ನು ಹಾಗೇ ನಂಬುವುದಿಲ್ಲ. ಅಂಕಿಯಿಂದ 7 ಕಳೆ, ಉಳಿದದ್ದರಲ್ಲಿ ಅರ್ಧ ಮಾಡು ಅನ್ನುತ್ತಾರೆ. 33ರಲ್ಲಿ 7 ಹೋದರೆ 26, ಅದರ ಅರ್ಧ 13. ಕೈಗೆ ಬರುವುದು ಇಷ್ಟೇ ಅಂತ ಇಟ್ಟುಕೊಂಡರೆ ಮೋಸ ಇಲ್ಲ.

ಇನ್ನೊಂದು ಮಾತು ಅದೇ ಲೇಬಲ್‌ನ ವಿವರದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಯಾರೂ ಓದುವುದಿಲ್ಲ. ಎನ್‌ಆರ್‌ಆರ್ ಎಂಬುದು ಒಂದೇ ಸಮ ಬರುವ ಸದ್ದಿನ ಮೇಲೆ ಲೆಕ್ಕ ಹಾಕಿದ್ದು, ಗುಂಡಿನಂಥ ಹಠಾತ್ ಸದ್ದಿಗೆ ಇದು ಸರಿಯಾದ ಅಳತೆ ಆಗದೇ ಇರಬಹುದು ಎಂಬುದು ಅದರ ಸಾರ. ಶೂಟಿಂಗ್‌ನವರಿಗೆಂದು ಮಾರುವ ಪೊಟ್ಟಣದ ಮೇಲೇ ಈ ಮಾತು! ಹಾಗಾಗಿ 160ರಲ್ಲಿ 33 ಕಳೆದರೆ 127, ನಾನು ಸೇಫ್ ಅಂತ ಲೆಕ್ಕ ಹಾಕುವಂತಿಲ್ಲ. 29ಕ್ಕೂ 33ಕ್ಕೂ ಇರುವ ವ್ಯತ್ಯಾಸಕ್ಕೆ ಜಾಸ್ತಿ ದುಡ್ಡು ಕೊಡುವುದಕ್ಕಿಂತ ಪ್ಲಗ್ ಸರಿಯಾಗಿ ಕೂರಿಸಲು ಕಲಿಯುವುದು ಎಷ್ಟೋ ಮೇಲು ಅಂತ ನಾನು ಹೇಳುವುದು ಇದಕ್ಕೇ.

ಕೂರಿಸುವುದು ಹೀಗೆ. ಕೈ ತೊಳೆದು ಫೋಮ್ ಪ್ಲಗ್ ಅನ್ನು ಬೆರಳುಗಳ ನಡುವೆ ಉರುಳಿಸಿ ಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಸುಕ್ಕು, ಮಡಿಕೆ ಬರಬಾರದು. ಬಲಗಿವಿಗೆ ಬಲಗೈಯಲ್ಲಿ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಹಾಗೆ ಎಳೆದಾಗ ಬಾಗಿದ ಕಿವಿನಾಳ ನೇರ ಆಗುತ್ತದೆ. ಪ್ಲಗ್ ಒಳಗೆ ಹೋದ ಮೇಲೆ ಬೆರಳಿನಿಂದ ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ಅದು ಉಬ್ಬಿ ನಾಳವನ್ನು ತುಂಬಿಕೊಳ್ಳಲು ಅಷ್ಟು ಹೊತ್ತು ಬೇಕು. ಸರಿಯಾಗಿ ಕೂತರೆ ಎದುರಿನಿಂದ ನೋಡುವವರಿಗೆ ಪ್ಲಗ್‌ನ ತುದಿ ಕಾಣುವುದೇ ಕಡಿಮೆ. ಅರ್ಧ ಹೊರಗೆ ನೇತಾಡುತ್ತಿದ್ದರೆ ಸುಮ್ನೆ ಅಲಂಕಾರ. ಟಯರಿಗೆ ಸೂಜಿಯಷ್ಟು ತೂತಾದರೂ ಗಾಳಿ ನಿಲ್ಲದ ಹಾಗೆ, ಇಲ್ಲಿಯೂ ಸಣ್ಣ ಸಂದು ಇದ್ದರೆ ಸಾಕು, ಸದ್ದು ಅಲ್ಲಿಂದ ನುಗ್ಗುತ್ತದೆ.

ಕೂತಿದೆಯೋ ಇಲ್ಲವೋ ನೋಡಲು ಎರಡೂ ಅಂಗೈಯನ್ನು ಕಿವಿಗೆ ಬಿಗಿಯಾಗಿ ಮುಚ್ಚಿ ತೆಗೆಯಿರಿ. ಸುತ್ತಲಿನ ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಪ್ಲಗ್ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಮಾತಾಡಿದಾಗ ನಿಮ್ಮ ದನಿ ತಲೆಯೊಳಗೇ ಗುಂಯ್ ಅಂದರೆ ಅದು ಒಳ್ಳೆಯ ಲಕ್ಷಣ. ಹತ್ತಿ ತುರುಕಿಕೊಳ್ಳುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ.

ಮಫ್‌ನಲ್ಲಿ ಇಷ್ಟೆಲ್ಲ ಗಡಿಬಿಡಿ ಇಲ್ಲ. ಆದರೆ ಕನ್ನಡಕದ ಕಡ್ಡಿ ಅದರ ಮೆತ್ತೆಯನ್ನು ಎತ್ತುತ್ತದೆ, ಟೋಪಿಯ ಅಂಚು, ಕೂದಲೂ ಹಾಗೇ. ರೈಫಲ್‌ಗೆ ಕೆನ್ನೆ ಒತ್ತಿದಾಗ ದಪ್ಪ ಮಫ್ ಕೋವಿಯ ಹಿಂಬದಿಯ ಬಟ್‌ಗೆ ತಾಗಿ ಜಾರುವುದೂ ಇದೆ. ಅಂಥವರು ತೆಳ್ಳಗಿನ ಬಟ್ಟಲಿನದ್ದು ತಗೊಳ್ಳಬೇಕು.

ದೊಡ್ಡ ಕೋವಿಗೆ, ಮುಚ್ಚಿದ ರೇಂಜಿಗೆ ಪ್ಲಗ್ ಮತ್ತು ಮಫ್ ಎರಡೂ ಒಟ್ಟಿಗೆ ಬೇಕು. 33ರ ಪ್ಲಗ್, 27ರ ಮಫ್ ಸೇರಿದರೆ 60 ಆಗುವುದಿಲ್ಲ, ಅಷ್ಟು ಆಸೆ ಬೇಡ. ದೊಡ್ಡ ಅಂಕಿಯದ್ದಕ್ಕೆ 5 ಕೂಡಿಸಿ ಅಂತ ವಾಡಿಕೆ. ಹೇಗೆ ಮುಚ್ಚಿದರೂ ತಲೆಬುರುಡೆಯ ಮೂಲಕ ಸ್ವಲ್ಪ ಸದ್ದು ಒಳಕಿವಿಗೆ ಹೋಗಿಯೇ ಹೋಗುತ್ತದೆ. ಆದರೂ ಆ 5 ಸಣ್ಣದಲ್ಲ, 3 ಡೆಸಿಬೆಲ್‌ಗೇ ಶಕ್ತಿ ಅರ್ಧ ಆಗುತ್ತದೆ ಅಂತ ಮೇಲೆ ನೋಡಿದೆವಲ್ಲ. ಪ್ಲಗ್ ಅರೆಬರೆ ಕೂತಿದ್ದರೆ ಕಾಯುವುದೂ ಮಫ್ಫೇ.

ಅಂಗಡಿಯಲ್ಲಿ ಕೆಲವು ಮಫ್ ಮೇಲೆ ಎನ್‌ಆರ್‌ಆರ್ ಬದಲು ಎಸ್‌ಎನ್‌ಆರ್ ಅಂತ ಇರುತ್ತದೆ. ಅದು ಯುರೋಪಿನ ಅಳತೆ, ಲೆಕ್ಕ ಹಾಕುವ ರೀತಿ ಬೇರೆ. ಸಾಮಾನ್ಯವಾಗಿ ಒಂದೇ ಮಫ್‌ಗೆ ಎಸ್‌ಎನ್‌ಆರ್ ಕೆಲವು ಅಂಕಿ ಜಾಸ್ತಿಯೇ ಬರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಬೇಡಿ. ಹಾಡು ಕೇಳುವ ಬ್ಲೂಟೂತ್ ಇಯರ್‌ಬಡ್‌ಗೆ ನಾಯ್ಸ್ ಕ್ಯಾನ್ಸೆಲಿಂಗ್ ಇದೆ ಅಂತ ಅದನ್ನೇ ಹಾಕಿ ನಿಲ್ಲುವ ಹುಡುಗರೂ ಇದ್ದಾರೆ. ಅದು ಬಸ್ಸಿನ, ವಿಮಾನದ ಗುಂಯ್ಗುಡುವ ಸದ್ದಿಗೆ ಮಾಡಿದ್ದು. ಗುಂಡಿಗೆ ಅಲ್ಲ.

ಎಲೆಕ್ಟ್ರಾನಿಕ್ ಮಫ್ ಅಂತ ಇನ್ನೊಂದು ಬಗೆ ಇದೆ. ಮಾತನ್ನು ಮೈಕಿನಿಂದ ಒಳಗೆ ಬಿಡುತ್ತದೆ, ಜೋರು ಸದ್ದು ಬಂದಾಗ ಮೈಕನ್ನು ತಗ್ಗಿಸುತ್ತದೆ. ಕೋಚ್ ಹೇಳಿದ್ದು ಕೇಳಲಿಲ್ಲ ಅಂತ ಪ್ಲಗ್ ಎಳೆದು ತೆಗೆಯುವವರಿಗೆ ಇದು ಒಳ್ಳೆಯದು. ಏಕೆಂದರೆ ಹಾಗೆ ತೆಗೆದ ಆ ಒಂದು ಗಳಿಗೆಯಲ್ಲಿ ಪಕ್ಕದವನು ಟ್ರಿಗರ್ ಎಳೆದರೆ ಕಿವಿ ಕೆಡಲು ಅಷ್ಟೇ ಸಾಕು. ಆದರೆ ಐಎಸ್‌ಎಸ್‌ಎಫ್ (ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದ ಸ್ಪರ್ಧೆಯಲ್ಲಿ ಹೀಗೆ ಸದ್ದು ಹೆಚ್ಚಿಸಿ ಕೇಳಿಸುವ ಸಾಧನವನ್ನು ಆಟಗಾರರು ಹಾಕುವಂತಿಲ್ಲ. ಅಲ್ಲಿಗೆ ಸಾದಾದ್ದೇ ಬೇಕು.

ಪಾಣತ್ತೂರು ದಾಟಿ ಕರಿಕೆ, ಭಾಗಮಂಡಲ ಕಡೆಗೆ ಹೋದರೆ ಕೊಡಗು. ಅಲ್ಲಿ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರುತ್ತದೆ. ನೋಡಲು ಹೋಗುವವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನಿಲ್ಲಬೇಡಿ. ಮಕ್ಕಳ ಕಿವಿನಾಳ ಸಣ್ಣದು, ದೊಡ್ಡವರ ಫೋಮ್ ಪ್ಲಗ್ ಅದರಲ್ಲಿ ಕೂರುವುದಿಲ್ಲ. ಮಕ್ಕಳ ಅಳತೆಯ ಮಫ್ ಸಿಗುತ್ತದೆ, ಅದು ಹಾಕಿ ಹಿಂದೆ ನಿಂತರೂ ಕಾಯಿ ಒಡೆಯುವುದು ಕಾಣುತ್ತದೆ.

ಗುಂಡು ಹೊಡೆದ ಮೇಲೆ ಕಿವಿ ಕಟ್ಟಿದ ಹಾಗಾಗಿ, ಕುಂಯ್ ಅನ್ನುವುದು ಮರುದಿನಕ್ಕೂ ಬಿಡದಿದ್ದರೆ ಕಿವಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಡಿ. ಕಿವಿ ಡಾಕ್ಟರ್ ಹತ್ತಿರ ಹೋಗಿ ಆಡಿಯೋಗ್ರಾಮ್, ಅಂದ್ರೆ ಮೇಲೆ ಹೇಳಿದ ಆ ಕಿವಿ ಪರೀಕ್ಷೆ, ಮಾಡಿಸಿ. ಹಠಾತ್ತಾಗಿ ಕೇಳದಾದರೆ ಅದೇ ದಿನ ಹೋಗಬೇಕು, ಔಷಧಿ ಶುರು ಮಾಡುವುದು ತಡವಾದಷ್ಟೂ ಕೇಳುವಿಕೆ ಮರಳುವ ಸಾಧ್ಯತೆ ಕಡಿಮೆ.