80ಜಿ ರಸೀದಿ ಅಂದ್ರ ಅರ್ಧ ರೊಕ್ಕ ವಾಪಸ್ ಅಲ್ರಿ

ಎಷ್ಟು ಸಲ ಹೇಳಿದ್ರೂ ಮತ್ತ ಅದೇ ಆಗ್ತದ, ಅದಕ್ಕ ಬರೀಲಿಕ್ಕೆ ಕುಂತೀನಿ. ನಮ್ಮ ಕಲಬುರಗಿ, ಯಾದಗಿರಿ ಕಡೆ ತತ್ವಪದ, ದೊಡ್ಡಾಟ, ನಾಟಕ ಅಂತ ಟ್ರಸ್ಟ್ ಮಾಡ್ಕೊಂಡು ದುಡಿಯೋ ಮಂದಿ 12ಎ (ಟ್ರಸ್ಟಿನ ಆದಾಯಕ್ಕ ಟ್ಯಾಕ್ಸ್ ವಿನಾಯ್ತಿ), 80ಜಿ (ದಾನ ಕೊಟ್ಟವರಿಗೆ ಟ್ಯಾಕ್ಸ್ ರಿಯಾಯ್ತಿ) ಎಲ್ಲಾ ಮಾಡಿಸ್ತಾರ, ಚಲೋ, ಆದ್ರ ಸರ್ಟಿಫಿಕೇಟ್ ಕೈಗೆ ಬಂದದ್ದೇ ತಡ ದಾಲ್ ಮಿಲ್ ಸಾವಕಾರ್ರ ಹತ್ರ ಹೋಗಿ "ಇಪ್ಪತ್ತು ಸಾವಿರ ಕೊಡ್ರಿ, ಅದ್ರಾಗ ಹತ್ತು ಸರ್ಕಾರ ನಿಮಗ ವಾಪಸ್ ಕೊಡ್ತದ" ಅಂತಾರ. ಕೊಡಂಗಿಲ್ರಿ.

ಸಾವಕಾಶ ಲೆಕ್ಕ ಹಾಕೋಣ. 20,000 ಕೊಟ್ರು. ಅದ್ರಾಗ ಲೆಕ್ಕಕ್ಕ ಬರೋದು ಅರ್ಧ, 10,000. ಈ ಹತ್ತು ಸಾವಿರ ಕಡಿಮಿ ಆಗೋದು ಅವರ ಆದಾಯದಾಗ, ಕಟ್ಟೋ ಟ್ಯಾಕ್ಸಿನಾಗ ಅಲ್ಲ. ಆದಾಯದಾಗ! 30% ಸ್ಲ್ಯಾಬ್‌ನಾಗ ಇದ್ರ ಉಳಿಯೋದು 3,000, ಟ್ಯಾಕ್ಸಿನ ಮ್ಯಾಲಿನ 4% ಸೆಸ್ ಕೂಡಿಸಿದ್ರ 3,120. 20% ಇದ್ರ 2,080. ಅದೂ ಟ್ಯಾಕ್ಸಿನ ಹಳೇ ಪದ್ಧತಿ ಆರಿಸ್ಕೊಂಡಿದ್ರ ಮಾತ್ರ. 2023-24ರಿಂದ ಹೊಸ ಪದ್ಧತಿನೇ ಡೀಫಾಲ್ಟ್ ಆಗ್ಯದ, ಅದ್ರಾಗ ತಮ್ಮ ಹೆಸರಿನ್ಯಾಗ ರಿಟರ್ನ್ ಹಾಕೋರಿಗೆ 80ಜಿ ಇಲ್ಲವೇ ಇಲ್ಲ, ಉಳಿಯೋದು ಸೊನ್ನೆ. ಮಿಲ್ ಪಾರ್ಟ್ನರ್‌ಶಿಪ್ ಫರ್ಮ್ ಆಗಿದ್ರ ಈ ಹೊಸ-ಹಳೇ ತಂಟೆ ಇಲ್ಲ, ರೊಕ್ಕ ಫರ್ಮ್ ಅಕೌಂಟಿನಿಂದ ಬರ್ಲಿ, ರಸೀದಿ ಫರ್ಮ್ ಪ್ಯಾನ್ ಮ್ಯಾಲ ಹರೀರಿ. ಲೆಕ್ಕಕ್ಕ ಹಿಡಿಯೋ ದಾನಕ್ಕ ಒಟ್ಟು ಆದಾಯದ 10% ಮಿತಿ ಅದ ಅನ್ನೋದೂ ನೆನಪಿರ್ಲಿ. ಇದೆಲ್ಲ 1961ರ ಆದಾಯ ತೆರಿಗೆ ಕಾಯ್ದೆ ಪ್ರಕಾರ ಹೇಳೀನಿ, 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕ 2025ರ ಕಾಯ್ದೆ, ಕಲಂ ನಂಬರ್ ಬ್ಯಾರೆ, ಅದಕ್ಕ ನಿಮ್ಮ ಆಡಿಟರ್‌ನ ಒಮ್ಮಿ ಕೇಳ್ರಿ.

ನಗದು 2,000 ದಾಟಿದ್ರ ಅದಕ್ಕೂ ಏನೂ ಇಲ್ಲ. ವಸ್ತು ಕೊಟ್ರೂ ಇಲ್ಲ. ಒಂದು ಟ್ರಸ್ಟಿನವರು ಕಾರ್ಯಕ್ರಮದ ಊಟಕ್ಕ ಬಂದ ತೊಗರಿಬ್ಯಾಳಿ ಚೀಲಕ್ಕ ರೇಟ್ ಕಟ್ಟಿ 80ಜಿ ರಸೀದಿ ಹರಿದಿದ್ರು, ಪ್ರೀತಿಲೆ ಮಾಡಿದ್ದೇ ಖರೆ, ಆದ್ರ ಅದು ನಡಿಯಂಗಿಲ್ಲ.

ನನಗ ಸಿಟ್ಟು ಬರೋದು ಎಲ್ಲಿ ಅಂದ್ರ, ಸಾವಕಾರ್ರೊಬ್ರು ರಸೀದಿ ತಂದು ನನ್ನ ಟೇಬಲ್ ಮ್ಯಾಲ ಇಟ್ಟು "ಇವ್ರು ನನಗ ಸುಳ್ಳು ಹೇಳ್ಯಾರ" ಅಂದ್ರು. ಸುಳ್ಳು ಹೇಳಿದ್ದಲ್ಲ, ರೊಕ್ಕ ಕೇಳಲಿಕ್ಕೆ ಹೋದ ಮುದುಕಪ್ಪ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಹಾಡ್ಕೋತ ಬಂದಾತ, ಟ್ಯಾಕ್ಸ್ ಮಾತು ಯಾರೋ ಕಲಿಸಿದ್ದನ್ನ ಹಂಗೇ ಒಪ್ಪಿಸ್ಯಾನ. ಈ ಸಾವಕಾರ್ರೋ, ಕಾರ್ಯಕ್ರಮದ ದಿನ ರಾತ್ರಿ ಎರಡರ ತನಕ ಜಮಖಾನದ ಮ್ಯಾಲ ಕುಂತು ಪದ ಕೇಳಿದವ್ರು. ಟ್ಯಾಕ್ಸ್ ಸುದ್ದಿ ತೆಗೀದಿದ್ರೂ ಕೊಡ್ತಿದ್ರು! ಈಗ ಮುಂದಿನ ವರ್ಷ ಕೊಡೋದು ಡೌಟು.

ಅದಕ್ಕ ಹೋಗೋವಾಗ ಒಂದು ಹಾಳ್ಯಾಗ ಖರ್ಚು ಬರಕೊಂಡು ಹೋಗ್ರಿ: ದಮ್ಮಡಿ ವಾದ್ಯದ ರಿಪೇರಿಗೆ ಇಷ್ಟು, ಟೆಂಪೋ ಬಾಡಿಗಿ ಇಷ್ಟು, ಹಾಡೋರ ಕೈಗೆ ಇಷ್ಟು. ಹಾಡೋರ ರೊಕ್ಕ ಮೊದಲ ಬರೀರಿ, ಪೆಂಡಾಲ್ ಆಮ್ಯಾಲ. ಕೊಟ್ಟವರ ಪ್ಯಾನ್ ತಗೊಂಡು ಮೇ 31ರ ಒಳಗ 10ಬಿಡಿ (ಯಾರು ಎಷ್ಟು ಕೊಟ್ರು ಅನ್ನೋ ಪಟ್ಟಿ) ಇಲಾಖೆಗೆ ಫೈಲ್ ಮಾಡಿ, ಕೊಟ್ಟವರಿಗೆ 10ಬಿಇ ದಾನದ ಸರ್ಟಿಫಿಕೇಟ್ ಕೊಡ್ರಿ, ತಡಾ ಆದ್ರ ದಿನಕ್ಕ 200 ರೂಪಾಯಿ ಬೀಳ್ತದ. 80ಜಿ ಸುದ್ದಿ ಕೊನಿಗೆ ಇಷ್ಟ ಹೇಳ್ರಿ: "ರಸೀದಿ ಕೊಡ್ತೀವ್ರಿ, ನಿಮಗ ಎಷ್ಟು ಉಳೀತದ ಅಂತ ನಿಮ್ಮ ಆಡಿಟರ್ ಹೇಳ್ತಾರ."