ಹಳೇ ಸೀರೆಗೆ ಕತ್ತರಿ ಹಾಕುವ ಮುನ್ನ

"ಅಮ್ಮನ ರೇಷ್ಮೆ ಸೀರೆ ಇದೆ, ಕುಶನ್ ಕವರ್ ಹೊಲಿದುಕೊಡ್ತೀರಾ?" ಅಂತ ಕೇಳಿಕೊಂಡು ಅಂಗಡಿಗೆ ಬರುವವರು ಈಗ ಜಾಸ್ತಿ. ನಾನು ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲೇ ಸವೆದಿರುತ್ತದೆ. ಅಲ್ಲಿ ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಬಿಟ್ಟುಕೊಂಡರೆ ಅದು ಒರಗಿ ಕೂರುವ ದಿಂಬಿಗೆ ಆಗುವುದಿಲ್ಲ, ಎಷ್ಟೇ ಚೆಂದ ಇರಲಿ. ಸೆರಗನ್ನು ದಪ್ಪ ಹತ್ತಿ ಬಟ್ಟೆಯ ಮೇಲೆ ಹೊಲಿದು ಗೋಡೆಗೆ ತೂಗುಹಾಕಿ, ಸಾಕು.

ಬಟ್ಟೆ ಗಟ್ಟಿಯಿದ್ದರೆ ಪರದೆ ಮಾಡಬಹುದು. ಐದೂವರೆ ಮೀಟರ್ ಅಂದರೆ ಸುಮಾರು 18 ಅಡಿ. 7 ಅಡಿ ಬಾಗಿಲಿಗೆ ಮೇಲೆ ಕೆಳಗೆ ಮಡಿಚುವುದಕ್ಕೂ ಸೇರಿಸಿ 8 ಅಡಿ ಹಿಡಿದರೆ ಎರಡು ಪರದೆ ಆಗಿ, 2 ಅಡಿ ಮಿಗುತ್ತದೆ. ಸೀರೆಯ ಅಂಚು ಪಕ್ಕಕ್ಕೆ ತಾನಾಗೇ ಬರುವುದರಿಂದ ಅಲ್ಲಿ ಮಡಿಚಿ ಹೊಲಿಯುವ ಕೆಲಸವೇ ಇಲ್ಲ. ಆದರೆ ಬಿಸಿಲು ರೇಷ್ಮೆಯನ್ನು ತಿನ್ನುತ್ತದೆ. ಹಿಂದೆ ಹಳೇ ಪಂಚೆಯ ಲೈನಿಂಗ್ ಕೊಡಿ.

ಕುಶನ್ ಕವರ್‌ಗೆ ನನ್ನ ಆಯ್ಕೆ ಹತ್ತಿ ಶರ್ಟು. ಗುಂಡಿ ಹಾಕಿಟ್ಟೇ ಮುಂಭಾಗವನ್ನು ಕತ್ತರಿಸಿ. ಗುಂಡಿಪಟ್ಟಿಯೇ ಕವರಿನ ಬಾಯಿ, ಜಿಪ್ ಹಾಕುವ ರಗಳೆ ಇಲ್ಲ. 16 ಇಂಚಿನ ದಿಂಬಿಗೆ 16 ಇಂಚೇ ಕತ್ತರಿಸಿ. ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಹೋಗಿ ಕವರ್ 15 ಆಗುತ್ತದೆ, ದಿಂಬು ಬಿಗಿಯಾಗಿ ಕೂರುತ್ತದೆ. ಜೇಬು ಬಿಚ್ಚಬೇಡಿ. ಬಿಚ್ಚಿದರೆ ಬಣ್ಣ ಮಾಸದ ಚೌಕ ಎದ್ದು ಕಾಣುತ್ತದೆ. ಇದ್ದರೆ ರಿಮೋಟ್ ಇಡೋಕಾದ್ರೂ ಆಗುತ್ತೆ, ಅಲ್ವಾ?

ಜೀನ್ಸ್‌ಗೆ 16ನೇ ನಂಬರಿನ ಸೂಜಿ ಹಾಕಿ, ದಪ್ಪ ಹೊಲಿಗೆ ಬರುವ ಕಡೆ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಈ ವಿದ್ಯೆಯೆಲ್ಲ ಹೊಸದೇನಲ್ಲ. ಉತ್ತರ ಕರ್ನಾಟಕದ ಹೊದಿಕೆ ಕೌದಿ ಇರುವುದೇ ಹಳೇ ಸೀರೆ, ಧೋತರದ ಪದರಗಳಲ್ಲಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ (ಆಫ್ರಿಕಾ ಮೂಲದವರು) ಹೆಂಗಸರು ಕೌದಿಯನ್ನು ಮೂಲೆಯಿಂದ ಶುರುಮಾಡಿ, ತುಂಡಿನ ಅಂಚು ಒಳಕ್ಕೆ ಮಡಿಚುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ತುಂಡು ಜೋಡಿಸುವುದೂ ಪದರ ಬಿಗಿಯುವುದೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಮುಕ್ಕೋನದ ಬಟ್ಟೆ. ಕೈಹೊಲಿಗೆ ಪದರಗಳನ್ನು ಎಳೆದಾಡುವುದಿಲ್ಲ. ಮೆಷಿನ್ನು ಮೇಲಿನ ಪದರವನ್ನು ಮುಂದಕ್ಕೆ ತಳ್ಳಿ ನೆರಿಗೆ ಎಬ್ಬಿಸುತ್ತದೆ. ಮೆಷಿನ್ನೇ ಬೇಕೆಂದರೆ ಮೊದಲು ಗೇಣಿಗೊಂದರಂತೆ, ಆಮೇಲೆ ಬಿಚ್ಚುವ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಕೌದಿಯ ಕೆಳಪದರಕ್ಕೆ ಹೊಸ ಹತ್ತಿ ಬಟ್ಟೆ ಕೊಡುವುದಾದರೆ ನೆನೆಸಿ ಒಣಗಿಸಿಯೇ ಕೊಡಿ. ಹಳೇದು ಆಗಲೇ ಕುಗ್ಗಿ ಮುಗಿದಿರುತ್ತದೆ, ಹೊಸದು ಆಮೇಲೆ ಕುಗ್ಗಿ ಕೌದಿಯನ್ನೇ ಸೊಟ್ಟ ಮಾಡುತ್ತದೆ.

ಪಾಲಿಯೆಸ್ಟರ್ ಸೀರೆಯನ್ನು ಕೌದಿಗೆ ಸೇರಿಸಬೇಡಿ, ಜಾರುತ್ತದೆ. ಉದ್ದುದ್ದ ಪಟ್ಟಿ ಹರಿದು ಜಡೆ ಹೆಣೆದು, ಸುರುಳಿ ಸುತ್ತಿ ಹೊಲಿದರೆ ಒಳ್ಳೇ ಕಾಲೊರಸು, ಬೇಗ ಒಣಗುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಮಾತ್ರ ಅದು ಬೇಡವೇ ಬೇಡ. ಕರಗಿ ಕೈಗೆ ಅಂಟುತ್ತದೆ.